ದಾರಿಗೆ ಹಾಕಿದ ಮುಳ್ಳು

“ಅವ್ವಾ, ಹೊಳೆಸಾಲಿಗೆ ಇದೇ ದಾರಿಯೇನು?”

ಆಡು ಕಾಯುತ್ತಿದ್ದ ಹೆಂಗಸು ಗುರುತಾಯಿಯನ್ನೂ ಶಿಷ್ಯೆಯನ್ನೂ ಮೇಲಿಂದ ಕೆಳಗೆ ನೋಡಿದಳು. “ಇದು ಕಲ್ಲುಗಣಿಗೆ ಹೋಗಿ ನಿಲ್ಲುತ್ತೆ. ಹಿಂದಕ್ಕೆ ಹೋಗಿ, ಕವಲಲ್ಲಿ ಎಡಕ್ಕೆ ಹಿಡೀರಿ. ನಿನ್ನೇನೂ ಒಂದಿಷ್ಟು ಜನ ಗಣಿ ನೋಡ್ಕೊಂಡು ಹೋದರು.”

“ಅವರು ಹಿಂದೆ ಬರುವವರಿಗೆ ಒಂದು ಗುರುತಾದರೂ ಇಡಬಾರದಿತ್ತೇ?” ಎಂದಳು ಶಿಷ್ಯೆ.

“ದಾರಿ ತಪ್ಪಿದ್ದಕ್ಕೆ ಯಾರಾದರೂ ಡಂಗುರ ಹೊಡೀತಾರಾ ತಾಯೀ? ನೀನು ಹೊಡೀತೀಯಾ?”

ಗುರುತಾಯಿ ನಕ್ಕರು. ಶಿಷ್ಯೆ ನಗಲಿಲ್ಲ. ಇಬ್ಬರೂ ಬಂದ ದಾರಿಯಲ್ಲೇ ತಿರುಗಿದರು.

ಶಿಷ್ಯೆ ನೀಲಗಂಗಾ ವೈದ್ಯೆ. ಸರ್ಕಾರದ ಸಂಶೋಧನಾ ಮಂಡಳಿಯ ನೆರವಿನಿಂದ ಕ್ಯಾನ್ಸರ್‌ಗೆ ಒಂದು ಮದ್ದನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಳು. ಮದ್ದು ಕೆಲಸ ಮಾಡಲಿಲ್ಲ. ಆ ಫಲಿತಾಂಶವನ್ನು ಯಾರಿಗೂ ಹೇಳದೆ ಗುರುತಾಯಿಯ ಹಿಂದೆ ಊರೂರು ಸುತ್ತಲು ಹೊರಟುಬಂದಿದ್ದಳು. ಗುರುತಾಯಿಗೆ ಒಂದು ಕಡೆ ನಿಂತು ಅಭ್ಯಾಸವಿರಲಿಲ್ಲ. ಜೊತೆಗೆ ಬರುವವರನ್ನು ಬೇಡವೆಂದು ಹೇಳಿಯೂ ಅಭ್ಯಾಸವಿರಲಿಲ್ಲ.

“ಅಮ್ಮಾ, ಸರ್ಕಾರ ಕೊಡುತ್ತಲೇ ಇರುತ್ತದೆ, ನನ್ನಂಥವರು ಬರಿಗೈಯಲ್ಲಿ ಬರುತ್ತಲೇ ಇರುತ್ತೇವೆ. ಕೊಟ್ಟು ಏನು ಬಂತು? ಮಂಡಳಿಯ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ?”

ಗುರುತಾಯಿ ನಡೆಯುತ್ತಲೇ ಹೇಳಿದರು:

“ಒಬ್ಬ ವರ್ತಕನ ಹೆಂಡತಿಗೆ ಗಂಟಲಲ್ಲಿ ಗೆಡ್ಡೆಯಾಯಿತು. ಅದನ್ನು ಕರಗಿಸುವ ಬೇರು ಬೆಟ್ಟದಲ್ಲಿ ಎಲ್ಲೋ ಇದೆ ಎಂಬ ಮಾತಿತ್ತು. ಬೇರು ತಂದವನಿಗೆ ಚೀಲ ಹೊನ್ನು ಎಂದ ವರ್ತಕ. ಒಬ್ಬ ವೈದ್ಯ ಹೋದ, ಕಮರಿಗೆ ಇಳಿದ, ಬರಿಗೈಯಲ್ಲಿ ಬಂದ. ಬರಿಗೈಯವನಿಗೆ ಕೊಡುವುದು ಏನೂ ಇರಲಿಲ್ಲ. ಕಮರಿಯಲ್ಲಿ ಬೇರಿಲ್ಲವೆಂದು ಅವನೂ ಯಾರಿಗೂ ಹೇಳಲಿಲ್ಲ. ಇನ್ನೊಬ್ಬ ಹೋದ. ಅದೇ ಕಮರಿಗೆ ಇಳಿದ. ಮತ್ತೊಬ್ಬನೂ ಹಾಗೇ. ಅಷ್ಟರಲ್ಲಿ ಹೆಂಡತಿ ತೀರಿಕೊಂಡಳು.

“ಸುದ್ದಿ ಅರಸನಿಗೆ ಮುಟ್ಟಿತು. ಅವನು ಇದಕ್ಕೆಂದೇ ಒಂದು ಕಚೇರಿ ತೆರೆದ. ಕಚೇರಿಯ ಅಧಿಕಾರಿ ಡಂಗುರ ಸಾರಿಸಿದ: ಬೆಟ್ಟ ಹತ್ತಿದವರಿಗೆಲ್ಲ ಸಂಬಳ ಉಂಟು, ಬೇರು ಸಿಗದಿದ್ದರೂ ಉಂಟು. ಆದರೆ ಬೇರಿಲ್ಲದ ದಾರಿಯ ಬಾಯಿಗೆ ಮುಳ್ಳು ಹಾಕಿಯೇ ಬೆಟ್ಟ ಇಳಿಯಬೇಕು.

“ವರ್ತಕ ಕಚೇರಿಗೇ ಬಂದು ಕೇಳಿದ: ‘ಬೇಲಿ ಹಾಕುವವರಿಗೆ ವೈದ್ಯರ ಸಂಬಳವೇ ಸ್ವಾಮೀ?’

“‘ನಿಮ್ಮ ಹೊನ್ನನ್ನು ನಂಬಿ ಒಂದೇ ಕಮರಿಗೆ ಎಷ್ಟು ಮಂದಿ ಇಳಿದರು ಶೆಟ್ಟರೇ?’ ಎಂದ ಅಧಿಕಾರಿ.

“ವರ್ತಕ ಮನೆಗೆ ಹೋದ. ಯಾರಿಗೂ ಸಲ್ಲದೆ ಉಳಿದಿದ್ದ ಹೊನ್ನಿನ ಚೀಲವನ್ನು ತಂದು ಕಚೇರಿಯಲ್ಲಿಟ್ಟ.

“ಕಾಲ ಕಳೆಯಿತು. ಬೆಟ್ಟದಲ್ಲಿ ಎಲ್ಲಿ ನೋಡಿದರೂ ಮುಳ್ಳು. ಕೊನೆಗೆ ಮುಳ್ಳಿಲ್ಲದ ದಾರಿ ಹಿಡಿದು ಹೋದ ವೈದ್ಯನೊಬ್ಬ ಬೇರು ತಂದ. ಅರಸ ಅವನಿಗೆ ಶಾಲು ಹೊದಿಸಿದ. ಅವನು ಆ ಶಾಲನ್ನು ಒಯ್ದು, ಕಮರಿಯ ಬಾಯಲ್ಲಿದ್ದ ಒಣಮುಳ್ಳಿಗೆ ಹೊದಿಸಿ ಬಂದ. ಶಾಲು ಹರಿಯಿತು ಅನ್ನು. ಆದರೂ ಒಪ್ಪುತ್ತಿತ್ತಂತೆ.”

ಕವಲು ಬಂತು. ಬೆಳಿಗ್ಗೆಯಿಂದ ಅಡ್ಡದಾರಿ ಎದುರಾದಲ್ಲೆಲ್ಲ ಯಾರೋ ಮುಳ್ಳು ಹಾಕಿಟ್ಟಿದ್ದರು. ಅದನ್ನು ನೋಡಿಕೊಂಡೇ ಇಬ್ಬರೂ ಇಷ್ಟು ದೂರ ಬಂದಿದ್ದರು. ಇಲ್ಲಿ ಮಾತ್ರ ಯಾರೂ ಹಾಕಿರಲಿಲ್ಲ.

ಗುರುತಾಯಿ ಜಾಲಿಯ ಕೊಂಬೆಯೊಂದನ್ನು ಮುರಿದು ಗಣಿಯ ದಾರಿಗೆ ಅಡ್ಡ ಎಳೆದರು. ಬೆರಳಿಗೆ ನೆಟ್ಟ ಮುಳ್ಳನ್ನು ನಿಧಾನವಾಗಿ ಕಿತ್ತು, ಶಿಷ್ಯೆಯ ಕಡೆ ನೋಡಿದರು.

“ಬೆಳಿಗ್ಗೆ ಮುಳ್ಳು ಹಾಕಿದವರಿಗೆ ನನ್ನ ಸಾಲ ತೀರಿತು, ನಿನ್ನದು?”