ಕೆಮ್ಮಿ ಒಳಗೆ ಹೋಗುವವನು

"ಇಲಿಗೆ ಹಸಿವು ತರಿಸುವ ರಸವನ್ನು ಕೋಳಿಮರಿಯ ಮಿದುಳಿಗೆ ಕೊಟ್ಟರೆ ಅದು ಮೇವು ಮುಟ್ಟುವುದಿಲ್ಲ. ಯಾಕೆ ಮೇಷ್ಟ್ರೇ?"

ಕೇಳಿದವನು ಚನ್ನವೀರ. ಪಶುವೈದ್ಯ ಕಾಲೇಜಿನಲ್ಲಿ ಮರಿಗಳ ಹಸಿವಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಮೇಷ್ಟ್ರು ಅದೇ ಕಾಲೇಜಿನಲ್ಲಿ ಅವನಿಗೆ ಪಾಠ ಹೇಳಿ ನಿವೃತ್ತರಾದವರು. ಮಾತು ಕಡಿಮೆ.

ಅವರು ಬಾಯಿ ತೆರೆಯುವ ಮೊದಲೇ ಚನ್ನವೀರನ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ಕಿವಿಗಿಟ್ಟುಕೊಂಡ.

"ಎಷ್ಟು ಸಲ ಹೇಳಬೇಕು ನಿನಗೆ? ಕೆಲಸದ ಮೇಲಿರುವಾಗ ಮಾಡಬೇಡ ಅಂದಿದ್ದೆನೋ ಇಲ್ಲವೋ? ತಲೆಯಲ್ಲಿ ಏನು ತುಂಬಿದೆ? ಅಮ್ಮನನ್ನು ಕೇಳು. ಇಡು."

ಫೋನನ್ನು ಜೇಬಿಗೆ ಹಾಕಿಕೊಂಡ. ದನಿ ತಗ್ಗಿಸಿ, "ಹೇಳಿ ಮೇಷ್ಟ್ರೇ" ಎಂದ.

"ನಿನಗೆ ಗೊತ್ತಿರುವಷ್ಟು ನೀನು ಹೇಳು."

"ಆ ರಸ ಮರಿಯ ಮಿದುಳಿನಲ್ಲಿ ಅಂಜಿಕೆಯ ರಸವನ್ನು ಎಬ್ಬಿಸುತ್ತದೆ. ಅದು ಎದ್ದರೆ ಮರಿ ತಿನ್ನುವುದಿಲ್ಲ. ಇಷ್ಟು ಗೊತ್ತು. ಆದರೆ ಹಸಿವಿನ ಕೀಲಿ ಅಂಜಿಕೆಯ ಕೈಯಲ್ಲಿ ಯಾಕಿರಬೇಕು?"

"ಅದು ನನಗೂ ಗೊತ್ತಿಲ್ಲ. ಒಬ್ಬ ರೈತನ ವಿಷಯ ಗೊತ್ತು. ಕೇಳು" ಎಂದರು ಮೇಷ್ಟ್ರು.

ಒಬ್ಬ ರೈತ ಕೋಳಿ ಸಾಕಲು ಹೊರಟ. ಹೊಲದ ಮಗ್ಗುಲಲ್ಲಿ ಶೆಡ್ಡು ಕಟ್ಟಿಸಿದ. ನೆಲಕ್ಕೆ ಭತ್ತದ ಹೊಟ್ಟು ಹರಡಿದ. ಕಾವಿಗೆ ಬಲ್ಬು ಇಳಿಬಿಟ್ಟ. ಒಬ್ಬ ವ್ಯಾಪಾರಿ ಆಗತಾನೆ ಮೊಟ್ಟೆಯೊಡೆದ ಮರಿಗಳನ್ನು ತಂದು ಇಳಿಸಿದ. ಮೇವನ್ನೂ ಅವನೇ ಕೊಟ್ಟ. ಬೆಳೆದ ಮೇಲೆ ಕೋಳಿಗಳನ್ನು ಅವನೇ ಒಯ್ಯುವುದು ಎಂದು ಮಾತಾಯಿತು.

ರೈತನ ದನಿ ದೊಡ್ಡದು. ಎತ್ತಿಗೆ ಬೈದರೆ ಕೆರೆಯಾಚೆಯವರಿಗೆ ಕೇಳುತ್ತಿತ್ತು. ಕೆಟ್ಟ ಮನುಷ್ಯನಲ್ಲ. ಯಾರ ಮೇಲೂ ಕೈ ಎತ್ತಿದವನಲ್ಲ. ಕೂಗುವುದು ಅವನಿಗೆ ಮಾತಾಡುವ ರೀತಿಯಾಗಿತ್ತು.

ಮರಿಗಳು ಬಂದ ವಾರದಲ್ಲೇ, ನೀರಿನ ಬಟ್ಟಲು ತೊಳೆದಿಲ್ಲವೆಂದು ಶೆಡ್ಡಿನೊಳಗೆ ನಿಂತು ಆಳಿನ ಮೇಲೆ ಕೂಗಿದ. ಮರಿಗಳು ಒಂದೇ ಮೂಲೆಗೆ ನುಗ್ಗಿದವು. ಒಂದರ ಮೇಲೊಂದು ಬಿದ್ದವು. ಅಡಿಗೆ ಸಿಕ್ಕವು ಉಸಿರುಗಟ್ಟಿ ಸತ್ತವು. ಉಳಿದವು ಮೇವಿನ ಮುಂದೆ ನಿಂತವು. ತಿನ್ನಲಿಲ್ಲ.

ದನದ ಡಾಕ್ಟರು ಬಂದರು. ಒಂದು ಮರಿಯನ್ನು ಎತ್ತಿ ಅದರ ಗಂಟಲ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬರಿದಾಗಿತ್ತು. ಮೇವನ್ನು ಮೂಸಿ ನೋಡಿದರು. ಆಮೇಲೆ ಹೇಳಿದರು.

"ಮೇವು ಸರಿಯಾಗಿದೆ. ಮರಿಗೆ ರೋಗವಿಲ್ಲ. ಇದರ ತಲೆಯೊಳಗೆ ಒಂದು ಸಣ್ಣ ಜಾಗವಿದೆ. ಅಲ್ಲಿ ತಿನ್ನು ಅನ್ನುವ ರಸ ಇದೆ, ಸಾಕು ಅನ್ನುವ ರಸವೂ ಇದೆ. ಮರಿ ಹೆದರಿದರೆ ಇನ್ನೊಂದು ರಸ ಇಳಿಯುತ್ತದೆ. ಅದು ಇಳಿದ ಮೇಲೆ ಹೊಟ್ಟೆ ಎಷ್ಟೇ ಬರಿದಾಗಿರಲಿ, ಕೊಕ್ಕು ಬಗ್ಗುವುದಿಲ್ಲ. ಇದಕ್ಕೆ ಔಷಧಿ ಇಲ್ಲ. ನಿನ್ನ ಗಂಟಲು ಇಳಿಸಿಕೋ."

ರೈತ ದಡ್ಡನಲ್ಲ. ಒಂದು ಸಲಕ್ಕೆ ಕಲಿತ.

ಆಮೇಲೆ ಬಂದ ಮರಿಗಳಿಗೆ ಅವನು ಬೇರೆಯೇ ಮನುಷ್ಯನಾದ. ಮೂಲೆಗಳಿಗೆ ತಗಡು ಬಗ್ಗಿಸಿ ಕಟ್ಟಿ ಒಳಗನ್ನು ದುಂಡಗೆ ಮಾಡಿದ. ಕಬ್ಬಿಣದ ಬಕೆಟ್ಟನ್ನು ಹೊರಗೆ ಹಾಕಿ ಪ್ಲಾಸ್ಟಿಕ್ಕಿನದು ತಂದ. ನಾಯಿಯನ್ನು ಹೊಲದ ಆಚೆ ತುದಿಗೆ ಕಟ್ಟಿದ. ಒಳಗೆ ಹೋಗುವಾಗ ಯಾವಾಗಲೂ ಅದೇ ಬೂದು ಅಂಗಿ. ಚಪ್ಪಲಿ ಹೊರಗೆ. ಬಾಗಿಲಲ್ಲಿ ನಿಂತು ಮೆಲ್ಲಗೆ ಕೆಮ್ಮುತ್ತಿದ್ದ. ಮರಿಗಳು ಆ ಕೆಮ್ಮನ್ನು ಗುರುತು ಹಿಡಿದವು. ಒಮ್ಮೆ ತಲೆಯೆತ್ತಿ ಮತ್ತೆ ಮೇವಿಗೆ ಬಗ್ಗುತ್ತಿದ್ದವು. ಒಳಗೆ ಆಳಿನ ಜೊತೆ ಮಾತಾಡಬೇಕಾದರೆ ಪಿಸುದನಿ.

ಊರವರು ನಕ್ಕರು. "ಏನಪ್ಪಾ, ಕೋಳಿಮನೆಗೂ ಮಡಿಯಲ್ಲಿ ಹೋಗ್ತೀಯ. ಮರಿಗಳಿಗೆ ಮಂಗಳಾರತಿ ಆಯ್ತಾ?" ಎಂದರು. ರೈತನೂ ನಕ್ಕ. ಮರಿಗಳು ತಿಂದವು. ಬೆಳೆದವು.

ಅವನಿಗೆ ಒಬ್ಬಳೇ ಮಗಳು. ಸಾವಂತ್ರಿ ಎಂದು ಹೆಸರು. ಶಾಲೆಗೆ ಹೋಗುತ್ತಿದ್ದಳು. ರೈತನಿಗೆ ಅವಳೆಂದರೆ ಪ್ರಾಣ.

ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಅದು ರೈತ ಮಾಡಿದ ಕಟ್ಟಳೆ. ಹಗಲೆಲ್ಲ ಒಬ್ಬೊಬ್ಬರು ಒಂದೊಂದು ಕಡೆ. ಎಲ್ಲರೂ ಕೈಗೆ ಸಿಗುವುದು ಊಟದ ಹೊತ್ತಿನಲ್ಲಿ. ಹಾಗಾಗಿ ಮನೆಯವರ ತಪ್ಪುಗಳನ್ನೆಲ್ಲ ಅವನು ಊಟಕ್ಕೆ ಎತ್ತಿಡುತ್ತಿದ್ದ. ಪಂಪು ನಿಲ್ಲಿಸದೆ ಬಂದವರು ಯಾರು. ಕೊಟ್ಟಿಗೆಯ ಅಗುಳಿ ಹಾಕದವರು ಯಾರು. ಗಣಿತದಲ್ಲಿ ಅಂಕ ಯಾಕೆ ಕಡಿಮೆ. ಮುದ್ದೆ ಮುರಿಯುವಾಗ ಶುರುವಾದದ್ದು ಮಜ್ಜಿಗೆಯ ಹೊತ್ತಿಗೆ ಮುಗಿಯುತ್ತಿತ್ತು. ಹೆಂಡತಿಗೆ ಅಭ್ಯಾಸವಾಗಿತ್ತು. ತಲೆಯೆತ್ತದೆ ಉಣ್ಣುತ್ತಿದ್ದಳು. ಮಗಳು ಮುದ್ದೆಯ ಚೂರನ್ನು ಸಾರಿನಲ್ಲಿ ಹೊರಳಿಸುತ್ತ ಕೂರುತ್ತಿದ್ದಳು. ನುಂಗುತ್ತಿರಲಿಲ್ಲ.

ಒಂದು ಸಲ ವ್ಯಾಪಾರಿ ಕೋಳಿ ಒಯ್ಯಲು ಬಂದವನು ಊಟಕ್ಕೆ ನಿಂತ. ತಕ್ಕಡಿಯಲ್ಲಿ ಕೋಳಿಯ ತೂಕ ಕಂಡು ಅವನಿಗೆ ಬೆರಗಾಗಿತ್ತು.

"ಅಲ್ಲ ಗೌಡ, ಎಲ್ಲರಿಗೂ ಕೊಡುವ ಮೇವೇ ನಿನಗೂ ಕೊಡೋದು. ನಿನ್ನವು ಮಾತ್ರ ಹೇಗೆ ಹೀಗೆ ಮೈ ಹತ್ತುತ್ತವೆ?"

"ಮೇವು ನಿಮ್ಮದೇ ಸಾವುಕಾರರೇ. ಅಂಜಿಕೆ ಮಾತ್ರ ಒಳಗೆ ಬಿಡಲ್ಲ ನಾನು."

ವ್ಯಾಪಾರಿಯ ಕಣ್ಣು ಸಾಲಿನ ತುದಿಯಲ್ಲಿ ಕೂತ ಹುಡುಗಿಯ ಮೇಲೆ ಬಿತ್ತು. ತಮಾಷೆಗೆ ಅಂದ. "ಕೋಳಿಯ ಲೆಕ್ಕ ಸರಿ ಬಿಡು. ಮಗಳನ್ನು ಯಾಕಯ್ಯ ಒಣಗಿಸಿದ್ದೀಯ? ಅವಳಿಗೂ ನಮ್ಮ ಮೇವೇ ಕಳಿಸಲಾ?"

ವ್ಯಾಪಾರಿಯ ಜೊತೆ ಬಂದವರೆಲ್ಲ ನಕ್ಕರು. ರೈತನ ಮುಖ ಸಣ್ಣದಾಯಿತು. ಮಗಳ ಕಡೆ ತಿರುಗಿ, "ತಿನ್ನೇ. ಜನ ಆಡಿಕೊಳ್ಳೋದು ಕೇಳಿಸಲಿಲ್ವಾ? ಮನೆ ಮಾನ ಕಳೀತೀಯ" ಎಂದು ಗದರಿದ. ಹುಡುಗಿ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಅದು ಕೆನ್ನೆಯಲ್ಲೇ ಉಳಿಯಿತು.

ಮರುದಿನವೇ ಅವಳನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದ. ನಾಲಿಗೆ ನೋಡಿದರು. ರಕ್ತ ನೋಡಿದರು. ಹುಳುವಿಗೆ ಮಾತ್ರೆ ಕೊಟ್ಟರು. ರೋಗವೇನೂ ಸಿಗಲಿಲ್ಲ. ಹಸಿವಾಗಲಿ ಎಂದು ಒಂದು ಟಾನಿಕ್ಕು ಬರೆದುಕೊಟ್ಟರು. ರೈತ ಅದನ್ನು ತಾನೇ ಚಮಚೆಗೆ ಬಗ್ಗಿಸಿ ಕುಡಿಸಿದ. ಕುಡಿಸಿ ಎದುರಿಗೆ ಕೂತು, "ಈಗ ಹಸಿವಾಯ್ತಾ? ಆಗಲೇಬೇಕು. ತಿನ್ನು, ನೋಡ್ತೀನಿ" ಎನ್ನುತ್ತಿದ್ದ. ಹುಡುಗಿ ತಟ್ಟೆಯನ್ನು ಇನ್ನಷ್ಟು ದೂರ ಸರಿಸುತ್ತಿದ್ದಳು. ರೈತ ಹೆಂಡತಿಯ ಅಡುಗೆಗೆ ಬೈದ. ಟಾನಿಕ್ಕಿಗೆ ಬೈದ. ಶೆಡ್ಡಿಗೆ ಹೋಗಿ ಬಾಗಿಲಲ್ಲಿ ಮೆಲ್ಲಗೆ ಕೆಮ್ಮಿದ.

ಒಂದು ರಜೆಯ ದಿನ ಮಧ್ಯಾಹ್ನ ಊಟವಾಯಿತು. ಎಂದಿನಂತೆ ಮಗಳ ತಟ್ಟೆಯಲ್ಲಿ ಮುದ್ದೆ ಹಾಗೆಯೇ ಉಳಿಯಿತು. ಊಟವಾದ ಮೇಲೆ ಅಡ್ಡಾಗುವುದು ರೈತನ ವಾಡಿಕೆ. ಅಂದು ಸೆಕೆ ಜಾಸ್ತಿ ಇತ್ತು. ಮರಿಗಳಿಗೆ ನೀರು ಸಾಲದೇನೋ ಅನ್ನಿಸಿ ಎದ್ದ. ಬೂದು ಅಂಗಿ ಹಾಕಿಕೊಂಡು ಹೋದ. ಚಪ್ಪಲಿ ಬಿಟ್ಟ. ಕೆಮ್ಮಿದ. ಬಾಗಿಲು ಸರಿಸಿದ.

ಮಗಳು ಹೊಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತೊಡೆಯ ಮೇಲೆ ತಟ್ಟೆ. ತಾಯಿ ಬೇರೆ ಬಡಿಸಿ ಕಳಿಸಿದ್ದಳು. ಸುತ್ತ ಮರಿಗಳು ಮೇವು ಕುಕ್ಕುತ್ತಿದ್ದವು. ಅವಳೂ ಉಣ್ಣುತ್ತಿದ್ದಳು. ದೊಡ್ಡ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗಬಕ್ಕನೆ ನುಂಗುತ್ತಿದ್ದಳು. ಒಂದು ಮರಿ ಮೊಣಕಾಲು ಹತ್ತಿ ನಿಂತಿತ್ತು. "ಇರೋ, ನಿನ್ನದು ಅಲ್ಲಿದೆ. ಇದು ನಂದು" ಎಂದು ಅದಕ್ಕೆ ಹೇಳುತ್ತಿದ್ದಳು.

ರೈತ ಅವಳು ಹಾಗೆ ಉಂಡದ್ದನ್ನು ನೋಡಿರಲಿಲ್ಲ. ಮನಸ್ಸು ತುಂಬಿತು. ಹತ್ತಿರ ಹೋಗಿ ಶೆಡ್ಡಿನ ದನಿಯಲ್ಲಿ ಕೇಳಿದ.

"ಇಲ್ಲಿ ಯಾಕವ್ವ ಉಣ್ತಿದ್ದೀಯ?"

ಆ ದನಿಗೆ ಹುಡುಗಿ ಹೆದರಲಿಲ್ಲ. ತಲೆಯೆತ್ತಿ ನೋಡಿ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದಳು.

"ಇಲ್ಲಿ ನೀನು ಬೈಯಲ್ವಲ್ಲಪ್ಪ."

"ನಾನು ಯಾವಾಗ ಬೈದೆ!"

ಮನೆಯ ದನಿ ಹೊರಗೆ ಬಿತ್ತು. ಮರಿಗಳೆಲ್ಲ ಒಂದೇ ಸಲ ಗೋಡೆಗೆ ನುಗ್ಗಿದವು. ಮೂಲೆ ಇಲ್ಲದ್ದರಿಂದ ಒಂದೂ ಸಾಯಲಿಲ್ಲ. ಹುಡುಗಿಯ ಕೈ ಬಾಯಿಯ ಹತ್ತಿರ ನಿಂತಿತು. ತುತ್ತು ತಟ್ಟೆಗೆ ವಾಪಸು ಹೋಯಿತು.

ರೈತ ಎರಡನ್ನೂ ನೋಡಿದ. ಮರಿಗಳನ್ನೂ ನೋಡಿದ, ಆ ಕೈಯನ್ನೂ ನೋಡಿದ. ಡಾಕ್ಟರು ಹೇಳಿದ್ದು ನೆನಪಾಯಿತು. ಮರಿಗಳ ವಿಷಯದಲ್ಲಿ ಅದನ್ನು ಅವನು ಒಂದು ದಿನವೂ ಮರೆತಿರಲಿಲ್ಲ. ಏನೋ ಹೇಳಲು ಹೋದ. ಯಾವ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ. ಹೊಟ್ಟಿನ ಮೇಲೆ ಕೂತ. ಮಗಳ ಮುಖ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಮರಿಗಳು ಒಂದೊಂದಾಗಿ ತಿರುಗಿ ಮೇವಿಗೆ ಬಂದವು. ಸಾವಂತ್ರಿ ತಟ್ಟೆ ಎತ್ತಿಕೊಂಡು, ಅವನಿಗೆ ತಾಗದ ಹಾಗೆ ಗೋಡೆಯ ಪಕ್ಕದಲ್ಲೇ ನಡೆದು ಹೊರಗೆ ಹೋದಳು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು.

 

"ಆಮೇಲೆ?" ಎಂದು ಚನ್ನವೀರ ಕೇಳಿದ.

"ಆಮೇಲೇನು. ಮರಿಗಳು ತೂಕಕ್ಕೆ ಬಂದವು. ವ್ಯಾಪಾರಿ ಒಯ್ದ."

"ಅಲ್ಲ, ಆ ಹುಡುಗಿ?"

ಮೇಷ್ಟ್ರು ಅವನ ಜೇಬಿನ ಕಡೆ ನೋಡಿದರು.

"ಆಗ ಫೋನು ಮಾಡಿದ್ದು ಯಾರು?"

"ಮಗಳು" ಎಂದ ಚನ್ನವೀರ ಮೆಲ್ಲಗೆ, ಜೇಬಿನಿಂದ ಫೋನು ತೆಗೆಯುತ್ತ.