ಹರಿಗೋಲಿನವನಿಗೆ ನೂರು ಶ್ಲೋಕ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನು ನಾಡಿನ ಪರೀಕ್ಷೆಗಳಿಗೆಲ್ಲ ಅಧಿಕಾರಿ. ತಪ್ಪಿದವನ ತಲೆ ಶನಿವಾರ ಉರುಳುತ್ತದೆ!"

ಡಂಗುರ ಕೇಳಿ ಮೇದರ ಚೌಡ ಬಿದಿರು ಸೀಳುವ ಕತ್ತಿ ಕೆಳಗಿಟ್ಟ. ಅವನ ಅಣ್ಣ ದ್ಯಾವಣ್ಣ ಸೆರೆಯಲ್ಲಿದ್ದ. ಇಪ್ಪತ್ತು ವರ್ಷ ಹರಿಗೋಲು ನಡೆಸಿ ಒಂದು ಮೇಕೆಯನ್ನೂ ಹೊಳೆಗೆ ಬಿಟ್ಟವನಲ್ಲ. ಆದರೆ ರಾಜನ ಅಂಬಿಗರ ಪರೀಕ್ಷೆಯಲ್ಲಿ ನೂರು ಶ್ಲೋಕ ಒಪ್ಪಿಸಬೇಕಿತ್ತು. ಬರಲಿಲ್ಲ. ಸುಳ್ಳು ಅಂಬಿಗನೆಂದು ಅವನಿಗೂ ಶನಿವಾರವೇ ಶೂಲ. ಇದು ನ್ಯಾಯವಂತೆ!

ಚೌಡ ಸಭೆಗೆ ಹೋದ.

ರಾಜಕುಮಾರಿ ಕೇಳಿದಳು: "ಎಷ್ಟು ಸಲ ಕೇಳಿದರೂ ಒಂದೇ ಮಾತು ಹೇಳುತ್ತದೆ. ಆ ಮಾತು ಸುಳ್ಳು. ಏನದು?"

"ಗಿಳಿ" ಎಂದರು ಆಸ್ಥಾನ ಪಂಡಿತರು. ಭಟರು ಅವರನ್ನು ಎಳೆದೊಯ್ದರು.

ಚೌಡ ಎದ್ದ. "ಬುಟ್ಟಿಯವನೇ, ತಲೆ ಭಾರವಾಯಿತೇನೋ?" ಎಂದು ಯಾರೋ ನಕ್ಕರು.

"ತಳ ಎತ್ತರಿಸಿದ ಕೊಳಗ, ತಾಯಿ. ಸಾವಿರ ಸಲ ಅಳೆದರೂ ಅದೇ ಲೆಕ್ಕ, ಅದೇ ಮೋಸ. ಅರಮನೆಯವರು ನಮಗೆ ಕೂಲಿ ಅಳೆಯುವುದು ಅದರಲ್ಲೇ."

ರಾಜಕುಮಾರಿ ತಲೆದೂಗಿ ಎರಡನೆಯದನ್ನು ಕೇಳಿದಳು:

"ತಾನು ಕುಗ್ಗಿ, ಎದುರಿನದು ಬೆಳೆಯಿತು ಎನ್ನುತ್ತದೆ. ಏನದು?"

"ನೆರಳು" ಎಂದ ಸೇನಾಪತಿಯ ಮಗ. ಅವನೂ ಹೋದ.

"ಹೊಲ ಅಳೆಯುವ ಹಗ್ಗ" ಎಂದ ಚೌಡ. "ಮಳೆಗೆ ನೆನೆದು ಗಿಡ್ಡವಾಗುತ್ತದೆ. ನಿನ್ನೆ ಹತ್ತು ಹಗ್ಗವಿದ್ದ ಹೊಲ ಇವತ್ತು ಹನ್ನೊಂದು. ಅದೇ ಹೊಲ, ದಿನಕ್ಕೊಂದು ಅಳತೆ!"

"ಬಲ್ಲವನನ್ನು ಸೋಲಿಸಿ, ಬಾರದವನನ್ನು ಗೆಲ್ಲಿಸುವ ಅಳತೆ ಯಾವುದು?" ಎಂದಳು ರಾಜಕುಮಾರಿ.

ಸಿಂಹಾಸನದಲ್ಲಿದ್ದ ರಾಜನನ್ನು ಒಮ್ಮೆ ನೋಡಿ ಚೌಡ ಹೇಳಿದ: "ನಿಮ್ಮ ತಂದೆಯವರ ಅಂಬಿಗರ ಪರೀಕ್ಷೆ."

ರಾಜ ಕತ್ತಿಗೆ ಕೈ ಹಾಕಿದ. ಹೊನ್ನಾಂಬೆ ಅಡ್ಡ ಬಂದಳು. "ಉತ್ತರ ಸರಿ, ಅಪ್ಪಾಜಿ. ಅನುಮಾನವಿದ್ದರೆ ಆ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವನ ಹರಿಗೋಲು ಹತ್ತಿ ನೋಡಿ."

ರಾಜ ಹಟಕ್ಕೆ ಹತ್ತಿದ. ನೂರು ಶ್ಲೋಕದವನು ಹುಟ್ಟು ಹಾಕಿದ. ಹರಿಗೋಲು ನಡುಹೊಳೆಯಲ್ಲಿ ಬುಗುರಿಯಂತೆ ಸುತ್ತತೊಡಗಿತು. "ಶ್ಲೋಕ ಸಾಕು, ದಡ ಸೇರಿಸೋ!" ಎಂದು ರಾಜ ಕಿರುಚಿದ. ಹೊನ್ನಾಂಬೆ ಸೆರೆಯಿಂದ ಕರೆಸಿ ಸಂಕೋಲೆ ಕಳಚಿಸಿದ ದ್ಯಾವಣ್ಣ ಇನ್ನೊಂದು ಹರಿಗೋಲಿನಲ್ಲಿ ಹೋಗಿ ಇಬ್ಬರನ್ನೂ ಕರೆತಂದ.

"ಒಂದು ಸಲ ಅದೃಷ್ಟ ಇರಬಹುದು" ಎಂದ ರಾಜ, ಒದ್ದೆ ಬಟ್ಟೆ ಹಿಂಡುತ್ತ.

"ಮತ್ತೆ ನೋಡಿ, ಒಡೆಯ. ನೋಡುವವರನ್ನೂ ಬದಲಿಸಿ" ಎಂದ ಚೌಡ.

ಮೂರು ಸಲ, ಮೂರು ಬೇರೆ ಜನರ ಮುಂದೆ, ದ್ಯಾವಣ್ಣ ಹರಿಗೋಲು ನಿಲ್ಲುವ ಅದೇ ಕಡವಿಗೆ ನೆಟ್ಟಗೆ ತಲುಪಿದ.

ರಾಜ ತಲೆ ತಗ್ಗಿಸಿದ. ಚೌಡ ಅಧಿಕಾರಿಯಾದ. ಪಂಡಿತರನ್ನೂ ಸೇನಾಪತಿಯ ಮಗನನ್ನೂ ಬಿಡಿಸಿದ್ದೇ ಅವನ ಮೊದಲ ಆಜ್ಞೆ.

ದಡದಲ್ಲಿ ದ್ಯಾವಣ್ಣ ಮೆಲ್ಲಗೆ ಕೇಳಿದ: "ತಮ್ಮಾ, ಇನ್ನು ಶ್ಲೋಕ ಕಲಿಯಬೇಕೇನೋ?"

"ಬೇಡಣ್ಣ. ಜನ ಕಾಯುತ್ತಿದ್ದಾರೆ, ಹುಟ್ಟು ಹಾಕು."