ಒಂದು ಹೆಚ್ಚಾದ ಸಂಖ್ಯೆ

ಸಂಖ್ಯೆಗಳ ಸಭೆಯಲ್ಲಿ ಹತ್ತು ಸಾವಿರದ ಏಳಕ್ಕೆ ಬಲು ಮರ್ಯಾದೆ. ಎರಡು, ಮೂರು, ಏಳು, ಯಾರೇ ಬಂದು ಭಾಗಿಸಲು ಹೊರಟರೂ ಶೇಷ ಉಳಿಯುತ್ತಿತ್ತು, ಅದು ಸರಿಪಾಲಾಗುತ್ತಿರಲಿಲ್ಲ. ಆದರೂ ಹತ್ತು ಸಾವಿರದ ಒಂಬತ್ತು ತನಗಿಂತ ಮೇಲಿನ ಮೆಟ್ಟಿಲಲ್ಲಿ ಕೂತದ್ದನ್ನು ನೋಡಿ ಅದಕ್ಕೆ ಊಟ ಸೇರದಾಯಿತು.

ಅದು ಪುಟ್ಟ ಒಂದನ್ನು ಕರೆದು, "ಬಂದು ನನ್ನೊಳಗೆ ಸೇರಿಕೊಳ್ಳಪ್ಪ. ಒಂದು ಮೆಟ್ಟಿಲಾದರೂ ಮೇಲೇರುತ್ತೇನೆ" ಎಂದಿತು.

"ಸ್ವಾಮಿ, ಈಗಿರುವ ಹಾಗೆಯೇ ಇದ್ದರೆ ನಿಮ್ಮನ್ನು ಯಾರೂ ಒಡೆಯಲಾರರು. ಯೋಚನೆ ಮಾಡಿ."

"ದೊಡ್ಡವರಾಗುವುದಕ್ಕೆ ಯೋಚನೆ ಬೇರೆ ಬೇಕೆ?"

ಪುಟ್ಟ ಒಂದು ಒಳಗೆ ಸೇರಿತು. ಹತ್ತು ಸಾವಿರದ ಎಂಟು ಹೊಸ ಮೆಟ್ಟಿಲಲ್ಲಿ ಕೂತು ಮೀಸೆ ತಿರುವುವಷ್ಟರಲ್ಲೇ ಎರಡು ಎಂಬ ಸಂಖ್ಯೆ ಕೈಮುಗಿದುಕೊಂಡು ಬಂತು. "ಸಮಸಂಖ್ಯೆಯಾದಿರಂತೆ, ಬಹಳ ಸಂತೋಷ" ಎಂದು ಹೇಳಿ, ಅದನ್ನು ಸರಿಯಾಗಿ ಎರಡು ಹೋಳು ಮಾಡಿತು.

"ಅಯ್ಯಾ, ನೀನು ಸೇರಿದ್ದೇ ತಪ್ಪಾಯಿತು, ಹೊರಟುಹೋಗು!" ಎಂದು ಹೋಳುಗಳೆರಡೂ ಪುಟ್ಟ ಒಂದರ ಮೇಲೆ ಕೂಗಾಡಿದವು.

"ಅಗತ್ಯವಾಗಿ ಹೋಗುತ್ತೇನೆ ಸ್ವಾಮಿ. ಯಾವ ಹೋಳಿನಿಂದ ಹೋಗಲಿ?"

ಹೋಳುಗಳು ಪರಸ್ಪರ ದುರುಗುಟ್ಟಿ ನೋಡಿದವು. ಇನ್ನೊಂದಕ್ಕಿಂತ ಚಿಕ್ಕದಾಗಲು ಎರಡಕ್ಕೂ ಮನಸ್ಸಿರಲಿಲ್ಲ. ಜಗಳ ಇನ್ನೂ ನಡೆಯುತ್ತಿರುವಾಗಲೇ ಮೂರು ಒಳಗೆ ಬಂದು, ಕೈಮುಗಿದು, ಎರಡೂ ಹೋಳುಗಳನ್ನು ಮೂರು ಮೂರು ಭಾಗ ಮಾಡಲು ಕೂತಿತು.